ಕೇಪಳದ ಚಿಗುರು ಹಳದಿಯಾಗಿದೆಯಾ? ಕಬ್ಬಿಣದ ಕೊರತೆಗೆ ಸಮಗ್ರ ಮಾರ್ಗದರ್ಶಿ

ಕೇಪಳಕ್ಕೆ ಹುಷಾರಿಲ್ಲ ಅಂತ ಮೊದಲು ಗೊತ್ತಾಗುವುದು ಅದರ ಚಿಗುರಿನಲ್ಲಿ. ಕೆಳಗಿನ ಎಲೆಗಳು ದಪ್ಪಗೆ, ಕಡು ಹಸಿರಾಗಿ ಮಿರುಗುತ್ತಿರುತ್ತವೆ. ತುದಿಯಲ್ಲಿ ಹೊಸದಾಗಿ ಬಂದ ಎಲೆ ಮಾತ್ರ ನಿಂಬೆ ಬಣ್ಣಕ್ಕೆ ತಿರುಗಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ನರಗಳು ಹಸಿರು ದಾರದ ಬಲೆಯ ಹಾಗೆ ಎದ್ದು ಕಾಣುತ್ತವೆ. ನಡುವಿನ ಜಾಗವೆಲ್ಲ ಹಳದಿ. ಇದನ್ನು ಕಂಡ ಕೂಡಲೇ ಬಹಳ ಜನ ಒಂದು ಹಿಡಿ ಗೊಬ್ಬರ ಜಾಸ್ತಿ ಹಾಕುತ್ತಾರೆ. ನಾನೂ ಎರಡು ವರ್ಷ ಅದನ್ನೇ ಮಾಡಿದೆ.

ಗೋಡೆ ಪಕ್ಕ ಸಾಲಾಗಿ ನಾಲ್ಕು ಕೇಪಳ ನೆಟ್ಟಿದ್ದೆ. ಒಂದೇ ದಿನ ತಂದ ಗಿಡಗಳು, ಒಂದೇ ಗೊಬ್ಬರ, ಒಂದೇ ನೀರು. ಗೋಡೆಗೆ ಅಂಟಿಕೊಂಡಂತಿದ್ದ ಮೂರು ಗಿಡಗಳು ಹಳದಿಯಾದವು. ಸಾಲಿನ ಕೊನೆಯದು, ಗೋಡೆ ತಿರುಗುವ ಕಡೆ ನಾಲ್ಕೈದು ಅಡಿ ದೂರ ಇದ್ದದ್ದು, ಹಸಿರಾಗಿಯೇ ಉಳಿಯಿತು. ಕೊನೆಗೊಂದು ದಿನ ಹಳದಿ ಗಿಡದ ಬುಡ ಕೆದಕಿದೆ. ಗೇಣುದ್ದ ಅಗೆಯುವಷ್ಟರಲ್ಲಿ ಬಿಳಿ ಗಾರೆ ಉಂಡೆಗಳು ಸಿಕ್ಕವು. ಕಟ್ಟಡ ಕಟ್ಟುವಾಗ ಅಲ್ಲೇ ಹೂತುಹೋದ ಚೂರುಗಳು. ಬೇರಿನ ಎಳೆಗಳು ಅವುಗಳ ಮೈಗೇ ಸುತ್ತಿಕೊಂಡಿದ್ದವು. ಒಂದು ಉಂಡೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟೆ. ಸುಂಯ್ ಅಂತ ನೊರೆ ಎದ್ದಿತು.

ಅವತ್ತಿನಿಂದ ಹಳದಿ ಚಿಗುರು ಕಂಡರೆ ನಾನು ಮೊದಲು ನೋಡುವುದು ಮಣ್ಣನ್ನು. ಗೊಬ್ಬರದ ಡಬ್ಬಿ ಆಮೇಲೆ.

## ಮಣ್ಣಲ್ಲಿ ಕಬ್ಬಿಣ ಇದ್ದೂ ಗಿಡಕ್ಕೆ ಸಿಗುವುದಿಲ್ಲ

ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚಾಗಿರುವ ಧಾತುಗಳಲ್ಲಿ ಕಬ್ಬಿಣಕ್ಕೆ ನಾಲ್ಕನೇ ಸ್ಥಾನ, ತೂಕದಲ್ಲಿ ಸುಮಾರು ಶೇ. 5ರಷ್ಟು. ಗಿಡಕ್ಕೆ ಬೇಕಾಗುವುದು ಅದರಲ್ಲಿ ಚಿಟಿಕೆಯಷ್ಟು ಮಾತ್ರ. ಹಾಗಾಗಿ ಹಳದಿಯಾದ ಗಿಡದ ಕೆಳಗೂ ಕಬ್ಬಿಣ ಬೇಕಾದಷ್ಟು ಇರುತ್ತದೆ. ಆದರೆ ಅದು ತುಕ್ಕಿನ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಕರಗದ್ದನ್ನು ಬೇರು ಹೀರಲಾರದು.

ಕರಗುವುದು ಬಿಡುವುದು ಮಣ್ಣಿನ ಹುಳಿಯ ಮೇಲೆ ನಿಂತಿದೆ. ಅದನ್ನು ಅಳೆಯುವ ಲೆಕ್ಕವೇ ರಸಸಾರ, ನಾವೆಲ್ಲ ಪಿಎಚ್ ಅನ್ನುತ್ತೇವಲ್ಲ, ಅದು. 7 ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಪಿಎಚ್ ಒಂದು ಅಂಕ ಏರಿದರೆ ಕರಗಿದ ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವ ರೂಪ) ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಸಾವಿರ ಪಟ್ಟು! 5.5ರಲ್ಲಿ ನಗುನಗುತ್ತಿದ್ದ ಗಿಡ 7.5ರಲ್ಲಿ ಸೊರಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕೇಪಳ, ಅಂದರೆ ಇಕ್ಸೋರಾ, ಕಾಫಿ ಗಿಡದ ಕುಟುಂಬಕ್ಕೆ ಸೇರಿದ್ದು. ಕೆಂಪು ಹೂವಿನ ಇಕ್ಸೋರಾ ಕಾಕ್ಸಿನಿಯಾದ ತವರು ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಅದಕ್ಕೆ ಹುಳಿ ಮಣ್ಣೇ ಇಷ್ಟ, ಪಿಎಚ್ 5ರಿಂದ 6ರ ಆಸುಪಾಸು. ಅದೇ ಕುಟುಂಬದ ಗಾರ್ಡೇನಿಯಾದ ಸ್ವಭಾವವೂ ಹೀಗೇ. ಇಲ್ಲಿ ಬರೆದದ್ದನ್ನು ಅದಕ್ಕೂ, ಹಳದಿಯಾದ ದಾಸವಾಳಕ್ಕೂ ಬಳಸಬಹುದು. ದಾಸವಾಳ ಇವೆರಡಕ್ಕಿಂತ ಸ್ವಲ್ಪ ಗಟ್ಟಿ, 6.5ರವರೆಗೂ ತಕರಾರು ಮಾಡುವುದಿಲ್ಲ.

ಬೇರು ಸುಮ್ನೆ ಕೂತಿರುವುದಿಲ್ಲ ಅನ್ನುವುದೂ ಗೊತ್ತಿರಲಿ. ಕಬ್ಬಿಣ ಸಾಲದಿದ್ದಾಗ ಕೇಪಳದಂಥ ಗಿಡಗಳ ಬೇರು ತನ್ನ ಸುತ್ತ ಆಮ್ಲ ಬಿಡುತ್ತದೆ. ಆ ಹುಳಿಗೆ ಒಂದಿಷ್ಟು ಕಬ್ಬಿಣ ಕರಗುತ್ತದೆ. ಬೇರು ಅದರ ರೂಪ ಬದಲಿಸಿ ಒಳಗೆ ಎಳೆದುಕೊಳ್ಳುತ್ತದೆ. ಮಣ್ಣಿನಲ್ಲಿ ಸುಣ್ಣ ಇದ್ದರೆ, ಅಥವಾ ಹಾಕುವ ನೀರು ಗಡುಸಾಗಿದ್ದರೆ, ಬೇರು ಬಿಟ್ಟ ಅಷ್ಟೂ ಹುಳಿಯನ್ನು ಅದು ಅಲ್ಲಲ್ಲೇ ತಣಿಸಿಬಿಡುತ್ತದೆ. ಗಿಡದ ಶ್ರಮವೆಲ್ಲ ವ್ಯರ್ಥ.

## ಹಂತ 1: ಇದು ಕಬ್ಬಿಣದ ಕೊರತೆಯೇ ಅಂತ ಖಾತ್ರಿ ಮಾಡಿಕೊಳ್ಳಿ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಹಳದಿಯಾದದ್ದು ಹೊಸ ಎಲೆಯೋ ಹಳೇ ಎಲೆಯೋ?

ಕಬ್ಬಿಣ ಒಮ್ಮೆ ಒಂದು ಎಲೆ ಸೇರಿದರೆ ಅಲ್ಲಿಂದ ಸುಲಭಕ್ಕೆ ಏಳುವುದಿಲ್ಲ. ಹೊಸ ಚಿಗುರು ಹಳೇ ಎಲೆಯಿಂದ ಸಾಲ ಪಡೆಯುವ ಹಾಗಿಲ್ಲ. ಅದಕ್ಕೇ ಕೊರತೆ ಮೊದಲು ತುದಿಯಲ್ಲಿ ಕಾಣುತ್ತದೆ. ಸಾರಜನಕ, ಮೆಗ್ನೀಸಿಯಂ, ಪೊಟ್ಯಾಶಿಯಂ ಹಾಗಲ್ಲ. ಇವು ಸಾಲದಿದ್ದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಕೆಳಗಿನ ಎಲೆ ನರದ ಸಮೇತ ಪೂರ್ತಿ ಹಳದಿಯಾದರೆ ಸಾರಜನಕದ ಕಡೆ ನೋಡಿ. ಕೆಳಗಿನ ಎಲೆಯ ಅಂಚು ಹಳದಿಯಾಗಿ ನಡುವೆ ಹಸಿರು ಉಳಿದರೆ ಮೆಗ್ನೀಸಿಯಂ. ಕೇಪಳದ ಹಳೇ ಎಲೆಗಳ ಮೇಲೆ ಕೆಂಪು, ನೇರಳೆ ಚುಕ್ಕೆಗಳು ಬಂದರೆ ರಂಜಕ ಅಥವಾ ಪೊಟ್ಯಾಶಿಯಂ ಸಾಲದು ಅಂತ ಅರ್ಥ. ಇದನ್ನು ಎಷ್ಟೋ ಜನ ಶಿಲೀಂಧ್ರ ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ.

ಗೊಂದಲ ಹುಟ್ಟಿಸುವುದು ಮ್ಯಾಂಗನೀಸ್. ಅದರ ಕೊರತೆಯೂ ಹೊಸ ಎಲೆಯಲ್ಲೇ ಕಾಣುತ್ತದೆ. ನೋಡುವ ರೀತಿ ಹೀಗೆ: ಕಬ್ಬಿಣದ ಕೊರತೆಯಲ್ಲಿ ಹಸಿರು ನರ ಸೂಜಿಯಲ್ಲಿ ಗೀಚಿದಷ್ಟು ತೆಳುವಾಗಿ, ಸ್ಪಷ್ಟವಾಗಿ ಇರುತ್ತದೆ. ಮ್ಯಾಂಗನೀಸ್ ಆದರೆ ನರದ ಎರಡೂ ಬದಿಗೆ ಹಸಿರು ಅಗಲವಾಗಿ ಹರಡಿ ಅಂಚು ಮಸುಕಾಗಿರುತ್ತದೆ. ಸುಣ್ಣದ ಮಣ್ಣಿನಲ್ಲಿ ಎರಡೂ ಒಟ್ಟಿಗೆ ಬರುವುದುಂಟು.

ಕೊರತೆ ಜೋರಾದಾಗ ಎಲೆ ಬೆಣ್ಣೆ ಬಣ್ಣಕ್ಕೆ, ಆಮೇಲೆ ಬಿಳಿಗೆ ತಿರುಗುತ್ತದೆ. ಎಲೆ ಸಣ್ಣದಾಗುತ್ತದೆ, ಅಂಚು ಸುಟ್ಟಂತಾಗುತ್ತದೆ. ಟೊಂಗೆಯ ತುದಿ ಒಣಗುತ್ತಾ ಬರುತ್ತದೆ. ಹೂಗೊಂಚಲು ಕಾಣೆಯಾಗುತ್ತದೆ.

ಇನ್ನೂ ಅನುಮಾನ ಇದ್ದರೆ ಎಲೆಗೆ ಬಣ್ಣ ಬಳಿದು ನೋಡುವ ಪರೀಕ್ಷೆ ಮಾಡಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. 100 ಮಿಲಿಲೀಟರ್ ಮಳೆನೀರಿಗೆ ಅರ್ಧ ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ. ಇದಕ್ಕೇ ನಮ್ಮ ಹಳಬರು ಅನ್ನಭೇದಿ ಅನ್ನುತ್ತಿದ್ದದ್ದು. ಒಂದು ಹನಿ ಸೋಪಿನ ನೀರು ಸೇರಿಸಿ. ಹಳದಿಯಾದ ಎಳೆ ಎಲೆಯೊಂದನ್ನು ಆರಿಸಿ, ನಡುನರದ ಎಡಭಾಗಕ್ಕೆ ಮಾತ್ರ ಸಣ್ಣ ಬ್ರಶ್‌ನಲ್ಲಿ ಎರಡೂ ಮೈಗೆ ಸವರಿ. ಬಲಭಾಗ ಮುಟ್ಟಬೇಡಿ. ಗುರುತಿಗೆ ತೊಟ್ಟಿಗೊಂದು ದಾರ ಕಟ್ಟಿ. ಒಂದು ವಾರದಿಂದ ಹತ್ತು ದಿನದಲ್ಲಿ ಸವರಿದ ಕಡೆ ಹಸಿರು ಮಚ್ಚೆಗಳು ಎದ್ದರೆ, ಬೇರೆ ಸಾಕ್ಷಿ ಬೇಡ. ನಾನು ಮೊದಲ ಸಲ ಮಾಡಿದಾಗ ಎಂಟನೇ ದಿನ ಎಲೆ ಅರ್ಧ ಹಸಿರು ಅರ್ಧ ಹಳದಿಯಾಗಿ, ನಡುವೆ ಗೆರೆ ಎಳೆದಂತೆ ನಿಂತಿತ್ತು. ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿಸ್ ಕೂಡ ಬಿಳುಚಿದ ಗಿಡಗಳಿಗೆ ಕಬ್ಬಿಣದ ಲವಣ ಕೊಟ್ಟು, ಅವು ಹಸಿರಾಗುವುದನ್ನು ತೋರಿಸಿದ್ದ.

## ಹಂತ 2: ಮಣ್ಣು, ನೀರು, ಬೇರು ಮೂರನ್ನೂ ಪರೀಕ್ಷಿಸಿ

ಮಣ್ಣು. ಬುಡದಿಂದ ಸ್ವಲ್ಪ ದೂರ, ಗೇಣುದ್ದ ಆಳದಿಂದ ಮೂರ್ನಾಲ್ಕು ಕಡೆ ಮಣ್ಣು ತೆಗೆದು ಬೆರೆಸಿ. ಒಂದು ಪಾಲು ಮಣ್ಣಿಗೆ ಎರಡು ಪಾಲು ಡಿಸ್ಟಿಲ್ಡ್ ವಾಟರ್ ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಗೆ ಪಿಎಚ್ ಪಟ್ಟಿ ಅದ್ದಿ. ನಲ್ಲಿ ನೀರು ಬಳಸಿದರೆ ನೀವು ಅಳೆಯುವುದು ನಲ್ಲಿ ನೀರನ್ನು, ನೆನಪಿರಲಿ. ಮಣ್ಣಿಗೆ ಚುಚ್ಚುವ ಅಗ್ಗದ ಮೀಟರ್‌ಗಳನ್ನು ನಾನು ನಂಬುವುದಿಲ್ಲ. ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸುವ ಅನುಕೂಲ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇದಾದ ಮೇಲೆ ಒಣ ಮಣ್ಣಿನ ಮೇಲೆ ವಿನೆಗರ್ ಬಿಡಿ. ನೊರೆ ಎದ್ದರೆ ಅದರಲ್ಲಿ ಬಿಡಿ ಸುಣ್ಣ ಇದೆ. ಈ ಒಂದು ಉತ್ತರದ ಮೇಲೆ ಮುಂದಿನ ದಾರಿಯೇ ಬೇರೆಯಾಗುತ್ತದೆ.

ನೀರು. ಪಾತ್ರೆ, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನೀರು ಗಡುಸು. ಅದರಲ್ಲಿರುವ ಬೈಕಾರ್ಬನೇಟ್ ಪ್ರತಿದಿನ ಮಣ್ಣಿಗೆ ಒಂದೊಂದು ಚಿಟಿಕೆ ಸುಣ್ಣ ಹಾಕಿದ ಹಾಗೆ. ಹುಳಿ ಮಣ್ಣಲ್ಲಿ ನೆಟ್ಟ ಕುಂಡದ ಗಿಡ ಒಂದು ವರ್ಷ ಚೆನ್ನಾಗಿದ್ದು ಆಮೇಲೆ ಹಳದಿಯಾದರೆ ಬಹುತೇಕ ಇದೇ ಕಾರಣ.

ಬೇರು. ಇದನ್ನು ಮರೆಯುವವರೇ ಜಾಸ್ತಿ. ಸದಾ ಒದ್ದೆ ಮಣ್ಣಿನಲ್ಲಿ ಬೇರಿಗೆ ಉಸಿರಾಟವಿಲ್ಲ. ಉಸಿರಾಡದ ಬೇರು ಕಬ್ಬಿಣ ಎಳೆಯುವುದಿಲ್ಲ. ಒಂದೆರಡು ಎಳೆ ಬೇರು ಬಿಡಿಸಿ ನೋಡಿ. ತುದಿ ಬಿಳಿಯಾಗಿ ಗಟ್ಟಿಯಾಗಿದ್ದರೆ ಸರಿ. ಕಂದಾಗಿ, ಹಿಚುಕಿದರೆ ಸಿಪ್ಪೆ ಜಾರಿ ಬಂದರೆ ಕೊಳೆತಿದೆ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಬೇರಿಗೆ ಹತ್ತುವ ಜಂತುಹುಳುಗಳ (ನೆಮಟೋಡ್) ಕಾಟ. ಮರಳು ಮಣ್ಣಿನಲ್ಲಿ ಕೇಪಳಕ್ಕೆ ಇದು ಬೇಗ ತಗಲುತ್ತದೆ. ಇಂಥ ಬೇರಿಗೆ ಎಷ್ಟು ಕಬ್ಬಿಣ ಸುರಿದರೂ ಪ್ರಯೋಜನ ಇಲ್ಲ, ಮೊದಲು ಬೇರು ಸರಿಯಾಗಬೇಕು.

ಮಣ್ಣು ತಣ್ಣಗಿರುವ ತಿಂಗಳುಗಳಲ್ಲಿ ಚಿಗುರು ಸ್ವಲ್ಪ ಬಿಳುಚಿ, ಸೆಖೆ ಬಂದ ಮೇಲೆ ತಾನಾಗಿ ಹಸಿರಾಗುವುದೂ ಉಂಟು. ಅದಕ್ಕೆ ಔಷಧಿ ಬೇಡ.

## ಹಂತ 3: ತಕ್ಷಣದ ಚೇತರಿಕೆಗೆ ಎಲೆಗೆ ಸಿಂಪಡಣೆ

ಬೇರಿನ ದಾರಿ ಕಟ್ಟಿಹೋಗಿರುವಾಗ ಎಲೆಯ ಮೂಲಕ ಕೊಡುವುದು ಬೇಗ ನಾಟುತ್ತದೆ. ಇದು ಪ್ರಥಮ ಚಿಕಿತ್ಸೆ ಅಷ್ಟೇ. ಇವತ್ತು ಸಿಂಪಡಿಸಿದ ಕಬ್ಬಿಣ ನಾಳೆ ಬರುವ ಚಿಗುರಿಗೆ ಹೋಗುವುದಿಲ್ಲ.

ಒಂದು ಲೀಟರ್ ಮಳೆನೀರು ತೆಗೆದುಕೊಳ್ಳಿ. ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ. ಆಮೇಲೆ 2ರಿಂದ 3 ಗ್ರಾಂ ಫೆರಸ್ ಸಲ್ಫೇಟ್. ಈ ಕ್ರಮ ಮುಖ್ಯ. ನೀರು ಮೊದಲೇ ಹುಳಿಯಾಗಿದ್ದರೆ ಕಬ್ಬಿಣ ತುಕ್ಕಾಗುವುದು ನಿಧಾನವಾಗುತ್ತದೆ. ಕೊನೆಗೆ ಎರಡು ಹನಿ ಮೃದು ಸೋಪು. ಹೊಲಕ್ಕೆ ಲೀಟರ್‌ಗೆ 5 ಗ್ರಾಂವರೆಗೂ ಹೇಳುತ್ತಾರೆ. ಆದರೆ ಕೇಪಳದ ಎಳೆ ಎಲೆ ಸುಲಭವಾಗಿ ಸುಡುತ್ತದೆ, ಅದಕ್ಕೆ ನಾನು ಕಡಿಮೆಯಲ್ಲೇ ಇರುತ್ತೇನೆ.

ಫೆರಸ್ ಸಲ್ಫೇಟ್ ಹರಳು ತಿಳಿ ಹಸಿರಾಗಿರಬೇಕು. ಹಳೇ ಪೊಟ್ಟಣ ಬಿಚ್ಚಿದಾಗ ಹರಳಿನ ಮೇಲೆ ಅರಿಶಿನ, ಕಂದು ಪುಡಿ ಕೂತಿದ್ದರೆ ಅಷ್ಟು ಭಾಗ ತುಕ್ಕಾಗಿದೆ ಎಂದರ್ಥ. ಕಲಸಿದ ದ್ರಾವಣವೂ ತಿಳಿಯಾಗಿರಬೇಕು. ಚಹಾ ಬಣ್ಣಕ್ಕೆ ತಿರುಗಿ ತಳದಲ್ಲಿ ಗಸಿ ಕೂತರೆ ಚೆಲ್ಲಿಬಿಡಿ. ಅದಕ್ಕೆ ಆಯಾ ದಿನಕ್ಕೆ ಬೇಕಾದಷ್ಟೇ ಕಲಸಿಕೊಳ್ಳಿ.

ಮೊದಲು ಒಂದು ಟೊಂಗೆಗೆ ಮಾತ್ರ ಹೊಡೆದು ಎರಡು ದಿನ ಕಾಯಿರಿ. ಕಪ್ಪು ಚುಕ್ಕೆ ಬಂದರೆ ಅರ್ಧದಷ್ಟು ತೆಳು ಮಾಡಿ. ಬಿಸಿಲು ಏರುವ ಮುಂಚೆ ಅಥವಾ ಇಳಿದ ಮೇಲೆ, ಎಲೆಯ ಅಡಿಭಾಗಕ್ಕೂ ತಾಗುವ ಹಾಗೆ ಸಿಂಪಡಿಸಿ. ಅರಳಿದ ಹೂವಿಗೆ ಬೇಡ, ಕಲೆ ಬೀಳುತ್ತದೆ. ಸಿಮೆಂಟ್ ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ. 10ರಿಂದ 14 ದಿನಕ್ಕೊಮ್ಮೆ, ಒಟ್ಟು ಎರಡು ಮೂರು ಸಲ ಸಾಕು.

ಮನೆಯಲ್ಲಿ ಮಕ್ಕಳಿದ್ದರೆ ಈ ಮಾತು ಗಟ್ಟಿಯಾಗಿ ಹೇಳಬೇಕು. ಫೆರಸ್ ಸಲ್ಫೇಟ್ ಸ್ವಲ್ಪವೇ ಹೊಟ್ಟೆಗೆ ಹೋದರೂ ಸಣ್ಣ ಮಕ್ಕಳಿಗೆ ಪ್ರಾಣಾಪಾಯ. ಅದರ ಹಸಿರು ಹರಳು ನೋಡಲು ಕಲ್ಲುಸಕ್ಕರೆ ಥರ ಇರುತ್ತದೆ. ಬೀಗ ಹಾಕುವ ಕಪಾಟಿನಲ್ಲಿಡಿ, ತಿಂಡಿಯ ಡಬ್ಬಿಯಲ್ಲಿ ಯಾವತ್ತೂ ತುಂಬಿಡಬೇಡಿ.

## ಹಂತ 4: ಬೇರಿಗೆ ಸರಿಯಾದ ಚಿಲೇಟ್ ಕೊಡಿ

ಫೆರಸ್ ಸಲ್ಫೇಟನ್ನೇ ಮಣ್ಣಿಗೆ ಹಾಕಿದರೆ ಏನಾಗುತ್ತದೆ? ಪಿಎಚ್ 6ರ ಒಳಗಿದ್ದರೆ ಉಪಯೋಗವಿದೆ. ಸುಣ್ಣದ ಮಣ್ಣಾದರೆ ಕೆಲವೇ ದಿನಗಳಲ್ಲಿ ಅದೂ ತುಕ್ಕಾಗಿ, ಮೊದಲೇ ಇದ್ದ ತುಕ್ಕಿನ ರಾಶಿಗೆ ಸೇರುತ್ತದೆ. ಅಲ್ಲಿಗೆ ಬೇಕಾದದ್ದು ಚಿಲೇಟ್.

ಚಿಲೇಟ್ ಅಂದರೆ ಕಬ್ಬಿಣವನ್ನು ಒಂದು ದೊಡ್ಡ ಅಣು ಅಪ್ಪಿ ಹಿಡಿದುಕೊಂಡಿರುವುದು. ಹಾಗೆ ಹಿಡಿದಿರುವಷ್ಟು ಹೊತ್ತು ಕಬ್ಬಿಣ ತುಕ್ಕಾಗದೆ ನೀರಿನಲ್ಲಿ ಕರಗಿಯೇ ಇರುತ್ತದೆ, ಬೇರಿನ ತನಕ ಬರುತ್ತದೆ. ಎಲ್ಲ ಚಿಲೇಟ್‌ಗಳ ಹಿಡಿತವೂ ಒಂದೇ ಅಲ್ಲ. ಅಂಗಡಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಚಿಲೇಟ್‌ಗಳಲ್ಲಿ ಇಡಿಟಿಎ (EDTA) ಸುಲಭಕ್ಕೆ ಸಿಗುತ್ತದೆ, ಬೆಲೆಯೂ ಕಡಿಮೆ. ಅದರ ಹಿಡಿತ ಪಿಎಚ್ 6, ಹೆಚ್ಚೆಂದರೆ 6.5ರ ತನಕ. ಅದರಾಚೆ ಕಬ್ಬಿಣವನ್ನು ಬಿಟ್ಟು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಡಿಟಿಪಿಎ (DTPA) 7, 7.5ರವರೆಗೆ ತಡೆಯುತ್ತದೆ. ಇಡಿಡಿಎಚ್‌ಎ (EDDHA) 9ರಲ್ಲೂ ಬಿಡುವುದಿಲ್ಲ. ಲೇಬಲ್ ಮೇಲೆ ಇಡಿಡಿಎಚ್‌ಎಯಲ್ಲಿ ಕಬ್ಬಿಣ ಶೇ. 6 ಅಂತಲೂ, ಇಡಿಟಿಎಯಲ್ಲಿ ಶೇ. 12, 13 ಅಂತಲೂ ಇರುತ್ತದೆ. ಅಂಕಿ ದೊಡ್ಡದಿದೆ ಅಂತ ಇಡಿಟಿಎ ಆರಿಸಬೇಡಿ. ಸುಣ್ಣದ ಮಣ್ಣಿನಲ್ಲಿ ಆ 12ರಲ್ಲಿ ಗಿಡಕ್ಕೆ ಸಿಗುವುದು ಅತ್ಯಲ್ಪ. ಲೇಬಲ್ ಮೇಲೆ ಬರೀ "ಚಿಲೇಟೆಡ್ ಐರನ್" ಅಂತಿದ್ದು, ಯಾವುದು ಅಂತ ಬರೆದಿಲ್ಲದಿದ್ದರೆ ನಾನು ಕೊಳ್ಳುವುದಿಲ್ಲ.

ಇಡಿಡಿಎಚ್‌ಎ ಪುಡಿ ಕೆಂಪು ಕಂದು. ನೀರಿಗೆ ಹಾಕಿದರೆ ಗಾಢ ದ್ರಾಕ್ಷಾರಸದ ಬಣ್ಣ ಬರುತ್ತದೆ. ಅದು ಬಿಸಿಲಿಗೆ ಒಡೆದುಹೋಗುತ್ತದೆ, ಹಾಗಾಗಿ ಸಂಜೆ ಮಣ್ಣಿಗೆ ಕೊಡಿ. ಎಲೆಗೆ ಸಿಡಿದರೆ ತೊಳೆಯಿರಿ. ಕೈಗವಸು ಹಾಕಿಕೊಳ್ಳಿ, ಬಟ್ಟೆಗೆ ಬಿದ್ದ ಕಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

30 ಸೆಂಟಿಮೀಟರ್ ಅಗಲದ ಕುಂಡಕ್ಕೆ 2 ಗ್ರಾಂ, 2 ಲೀಟರ್ ನೀರಿನಲ್ಲಿ. ನೆಲದಲ್ಲಿರುವ ಸೊಂಟದೆತ್ತರದ ಗಿಡಕ್ಕೆ 15ರಿಂದ 20 ಗ್ರಾಂ, 10 ಲೀಟರ್ ನೀರಿನಲ್ಲಿ. ಇದು ಅಂದಾಜು, ನೀವು ತಂದ ಪುಡಿಯ ಲೇಬಲ್ ಮೇಲೆ ಬೇರೆ ಇದ್ದರೆ ಅದನ್ನೇ ನಂಬಿ. ಹಿಂದಿನ ದಿನ ಸಾದಾ ನೀರು ಹಾಕಿ ಮಣ್ಣು ಹದವಾಗಿಸಿಕೊಳ್ಳಿ. ಕಾಂಡದ ಬುಡಕ್ಕೆ ಸುರಿಯಬೇಡಿ. ಎಳೆ ಬೇರು ಇರುವುದು ಎಲೆಗಳ ನೆರಳಿನ ಅಂಚಿನ ಕೆಳಗೆ, ಅಲ್ಲಿ ಸುತ್ತಲೂ ಹಾಕಿ. ಹೊಸ ಚಿಗುರು ಒಡೆಯುವ ಹೊತ್ತಿಗೆ ಕೊಟ್ಟರೆ ಒಳ್ಳೆಯ ಫಲ. ಸುಣ್ಣದ ಮಣ್ಣಾದರೆ ವರ್ಷಕ್ಕೆ ಎರಡು ಮೂರು ಸಲ ಬೇಕಾಗುತ್ತದೆ.

ಜಾಸ್ತಿ ಹಾಕಿದರೆ ಬೇಗ ಹಸಿರಾಗುತ್ತದೆ ಅನ್ನುವುದು ತಪ್ಪು. ಕಬ್ಬಿಣ ಹೆಚ್ಚಾದರೆ ಗಿಡಕ್ಕೆ ಮ್ಯಾಂಗನೀಸ್ ಸಿಗದ ಹಾಗಾಗುತ್ತದೆ. ಕಬ್ಬಿಣ ಕೊಟ್ಟ ಮೇಲೂ ಹೊಸ ಎಲೆಯಲ್ಲಿ ಮಸುಕಾದ ಹಸಿರು ಪಟ್ಟೆ ಉಳಿದರೆ, ಮ್ಯಾಂಗನೀಸ್ ಇರುವ ಲಘು ಪೋಷಕಾಂಶ ಮಿಶ್ರಣ ಒಮ್ಮೆ ಸಿಂಪಡಿಸಿ.

## ಹಂತ 5: ಮಣ್ಣಿನ ಹುಳಿ ಮರಳಿ ತನ್ನಿ

ಇಲ್ಲಿಗೆ ನಿಲ್ಲಿಸಿದರೆ ಪ್ರತಿ ವರ್ಷ ಚಿಲೇಟ್ ಕೊಳ್ಳುತ್ತಲೇ ಇರಬೇಕು. ಮಣ್ಣಿನ ಪಿಎಚ್ ಇಳಿಸಲು ಗಂಧಕ ಒಳ್ಳೆಯದು. ಗಂಧಕ ಸೀದಾ ಹುಳಿಯಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ತಿಂದು ಗಂಧಕಾಮ್ಲ ಮಾಡಬೇಕು. ಅವಕ್ಕೆ ಬಿಸುಪು, ತೇವ, ಗಾಳಿ ಮೂರೂ ಬೇಕು. ಹಾಗಾಗಿ ಫಲ ಕಾಣಲು ತಿಂಗಳುಗಳೇ ಹಿಡಿಯುತ್ತವೆ.

ಪಿಎಚ್ 7.5ರಿಂದ 6.5ಕ್ಕೆ ಇಳಿಸಲು ಒಂದು ಚದರ ಮೀಟರ್‌ಗೆ ಮರಳು ಮಣ್ಣಾದರೆ ಸುಮಾರು 55 ಗ್ರಾಂ, ಗೋಡು ಮಣ್ಣಿಗೆ 90, ಜೇಡಿಮಣ್ಣಿಗೆ 110 ಗ್ರಾಂ ಬೇಕು. ಬೇರು ಬಿಟ್ಟ ಗಿಡದ ಸುತ್ತ ಒಮ್ಮೆಗೆ 50 ಗ್ರಾಂ ಮೀರಬೇಡಿ. ಮೇಲ್ಮಣ್ಣಿಗೆ ಮೆಲ್ಲಗೆ ಬೆರೆಸಿ ನೀರು ಹಾಕಿ. ಮೂರು ತಿಂಗಳು ಬಿಟ್ಟು ಮತ್ತೆ ಅಳೆದು, ಬೇಕಾದರೆ ಇನ್ನೊಂದು ಕಂತು.

ಈ ಲೆಕ್ಕ ಬಿಡಿ ಸುಣ್ಣ ಇಲ್ಲದ ಮಣ್ಣಿಗೆ. ವಿನೆಗರ್ ಹಾಕಿದಾಗ ನೊರೆ ಬಂದಿತ್ತಾ? ಹಾಗಾದರೆ ಬೇರೆ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ 15 ಸೆಂಟಿಮೀಟರ್ ಮಣ್ಣು ಸುಮಾರು 200 ಕಿಲೋ ತೂಗುತ್ತದೆ. ಅದರಲ್ಲಿ ಶೇ. 1ರಷ್ಟು ಸುಣ್ಣ ಅಂದರೆ 2 ಕಿಲೋ. ಒಂದು ಕಿಲೋ ಗಂಧಕ ಕರಗಿಸಬಲ್ಲದ್ದು 3 ಕಿಲೋ ಚಿಲ್ಲರೆ ಸುಣ್ಣವನ್ನು. ಅಂದರೆ ಆ 2 ಕಿಲೋ ಸುಣ್ಣ ತೀರಿಸಲಿಕ್ಕೇ 640 ಗ್ರಾಂ ಗಂಧಕ ಬೇಕು. ಪಿಎಚ್ ಇಳಿಯಲು ಶುರುವಾಗುವುದು ಅದಾದ ಮೇಲೆ. ಸುಣ್ಣ ಶೇ. 5 ಇದ್ದರೆ 3 ಕಿಲೋ ಮೀರುತ್ತದೆ, ಅಷ್ಟು ಗಂಧಕಕ್ಕೆ ಗಿಡವೇ ಉಳಿಯುವುದಿಲ್ಲ. ಇಂಥ ಜಾಗದಲ್ಲಿ ಗಂಧಕದ ಆಸೆ ಬಿಟ್ಟು, ಇಡಿಡಿಎಚ್‌ಎ ಕೊಡುತ್ತಾ ಹೋಗುವುದು ಅಥವಾ ಗಿಡವನ್ನು ಸ್ಥಳಾಂತರಿಸುವುದು, ಎರಡರಲ್ಲಿ ಒಂದು.

ನೀರಿನ ವಿಷಯದಲ್ಲಿ ಮಳೆನೀರಿಗೆ ಸಮನಾದದ್ದಿಲ್ಲ. ಕುಂಡದ ಗಿಡಕ್ಕಂತೂ ಹಿಡಿದಿಟ್ಟ ಮಳೆನೀರು ಅಮೃತ. ಅದು ಸಿಗದಾಗ ಗಡುಸು ನೀರಿಗೆ ಸಿಟ್ರಿಕ್ ಆಮ್ಲ ಸೇರಿಸಬಹುದು. 10 ಲೀಟರ್‌ಗೆ 1 ಗ್ರಾಂನಿಂದ ಶುರು ಮಾಡಿ, ಪಟ್ಟಿ ಅದ್ದಿ ನೋಡುತ್ತಾ 6ರ ಹತ್ತಿರ ತನ್ನಿ. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಮ್ಲವನ್ನು ಬೇಗ ತಿಂದು ಮುಗಿಸುತ್ತವೆ, ಹಾಗಾಗಿ ಇದರ ಗುಣ ತಾತ್ಕಾಲಿಕ.

ಗೊಬ್ಬರದ ಆಯ್ಕೆಯೂ ಮಣ್ಣಿನ ಹುಳಿ ಬದಲಿಸುತ್ತದೆ. ಅಮೋನಿಯಂ ರೂಪದ ಸಾರಜನಕ ಹೀರುವಾಗ ಬೇರು ಸುತ್ತಲಿನ ಮಣ್ಣನ್ನು ಹುಳಿ ಮಾಡುತ್ತದೆ. ನೈಟ್ರೇಟ್ ಹೀರುವಾಗ ಅದಕ್ಕೆ ಉಲ್ಟಾ. ಆದ್ದರಿಂದ ಕೇಪಳಕ್ಕೆ ಅಮೋನಿಯಂ ಸಲ್ಫೇಟ್ ಹೊಂದುತ್ತದೆ, ಕ್ಯಾಲ್ಸಿಯಂ ನೈಟ್ರೇಟ್ ಹೊಂದುವುದಿಲ್ಲ. ಕುಂಡಕ್ಕೆ ಅಮೋನಿಯಂ ಸಲ್ಫೇಟ್ ಲೀಟರ್ ನೀರಿಗೆ 1 ಗ್ರಾಂನಂತೆ ಮೂರು ವಾರಕ್ಕೊಮ್ಮೆ ಸಾಕು. ರಂಜಕ ಹೆಚ್ಚಿರುವ ಗೊಬ್ಬರ ಬೇಡ, ಅದು ಕಬ್ಬಿಣದ ಜೊತೆ ಸೇರಿ ಕರಗದ ವಸ್ತುವಾಗುತ್ತದೆ. ಹೂ ಜಾಸ್ತಿ ಬರಲಿ ಅಂತ ಮೂಳೆಗೊಬ್ಬರ ಹಾಕಿ ಗಿಡ ಹಳದಿ ಮಾಡಿಕೊಂಡವರು ಬಹಳ ಜನ.

## ಕೆಲಸಕ್ಕೆ ಬಾರದ ಉಪಾಯಗಳು

ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂಳುವುದು ಎಲ್ಲೆಡೆ ಕೇಳಿಬರುವ ಸಲಹೆ. ಮಣ್ಣಲ್ಲಿ ಮೊದಲೇ ಇರುವ ತುಕ್ಕೇ ಕರಗುತ್ತಿಲ್ಲ, ಇನ್ನು ಮೊಳೆಯ ತುಕ್ಕು ಕರಗುತ್ತದಾ? ಬಳಸಿದ ಕಾಫಿ ಚರಟದ ಹುಳಿ ನೀರಿನ ಜೊತೆ ಇಳಿದುಹೋಗಿರುತ್ತದೆ, ಅದು ಹೆಚ್ಚೂಕಡಿಮೆ ತಟಸ್ಥ. ಎಪ್ಸಮ್ ಉಪ್ಪು ಮೆಗ್ನೀಸಿಯಂ ಕೊಡುತ್ತದೆ, ಕಬ್ಬಿಣ ಕೊಡುವುದಿಲ್ಲ. ಮಣ್ಣಿಗೆ ವಿನೆಗರ್ ಸುರಿದರೆ ಎಳೆ ಬೇರು ಸುಡುತ್ತದೆ, ನಾಲ್ಕು ದಿನಕ್ಕೆ ಪಿಎಚ್ ಮತ್ತೆ ಮೊದಲಿನ ಹಾಗೇ. ಮೊಟ್ಟೆ ಚಿಪ್ಪು ಮತ್ತು ಒಲೆ ಬೂದಿ ಇವೆರಡೂ ಸುಣ್ಣದ ಕಡೆಯವು. ಬೇರೆ ಗಿಡಗಳಿಗೆ ಒಳ್ಳೆಯದಿರಬಹುದು, ಕೇಪಳದ ಹತ್ತಿರ ತರಬೇಡಿ.

## ಮತ್ತೆ ಬಾರದಂತೆ ನೋಡಿಕೊಳ್ಳುವುದು

ಗೋಡೆ, ಕಾಂಕ್ರೀಟ್ ದಾರಿಯಿಂದ ಕನಿಷ್ಠ ಮೂರು ಅಡಿ ದೂರ ನೆಡಿ. ಮಳೆ ಬಂದಾಗಲೆಲ್ಲ ಗೋಡೆಯಿಂದ ಸುಣ್ಣ ತೊಳೆದು ಇಳಿಯುತ್ತಲೇ ಇರುತ್ತದೆ. ಗುಂಡಿ ಅಗೆದಾಗ ಗಾರೆ, ಇಟ್ಟಿಗೆ ಚೂರು ಸಿಕ್ಕಿದರೆ ಒಂದೂ ಬಿಡದೆ ಆರಿಸಿ ತೆಗೆಯಿರಿ. ತುಂಬುವ ಮಣ್ಣಿಗೆ ಮೂರನೇ ಒಂದು ಭಾಗ ಎಲೆಗೊಬ್ಬರ ಬೆರೆಸಿ.

ಕುಂಡಕ್ಕೆ ನನ್ನ ಅಳತೆ: ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರಡು ಪಾಲು ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್. ಕೋಕೋಪೀಟನ್ನು ನೆನೆಸಿ, ಎರಡು ಸಲ ತೊಳೆದು ಉಪ್ಪು ತೆಗೆಯಿರಿ. ಮರಳಿನಲ್ಲಿ ಚಿಪ್ಪಿನ ಚೂರು ಇರಬಾರದು, ಅದೂ ಸುಣ್ಣವೇ. ಸಿಮೆಂಟ್ ಕುಂಡ ಬೇಡವೇ ಬೇಡ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಿ.

ಬುಡಕ್ಕೆ 5ರಿಂದ 7 ಸೆಂಟಿಮೀಟರ್ ದಪ್ಪ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಎಲೆ ಕೊಳೆಯುವಾಗ ಬರುವ ಹ್ಯೂಮಿಕ್ ವಸ್ತುಗಳು ಕಬ್ಬಿಣವನ್ನು ಹಿಡಿದು ಕರಗಿಸಿಡುತ್ತವೆ. ಇದು ಗಿಡದ ಬುಡದಲ್ಲೇ ತಯಾರಾಗುವ ಚಿಲೇಟ್. ಮೇಲಿನ ಎರಡು ಬೆರಳಷ್ಟು ಮಣ್ಣು ಒಣಗಿದ ಮೇಲೇ ನೀರು ಹಾಕಿ.

## ಗಿಡ ಸುಧಾರಿಸುತ್ತಿದೆ ಅಂತ ಹೇಗೆ ತಿಳಿಯುವುದು?

ಮೊದಲೇ ಬಿಳುಚಿ ಬಲಿತ ಎಲೆ ಪೂರ್ತಿ ಹಸಿರಾಗದೇ ಇರಬಹುದು. ಅದನ್ನು ನೋಡಿ ನಿರಾಶರಾಗಬೇಡಿ, ಕೀಳಲೂ ಬೇಡಿ. ಚಿಲೇಟ್ ಕೊಟ್ಟ ದಿನ ತುದಿಯ ಎಲೆ ಜೋಡಿಯ ಕೆಳಗೆ ಬಣ್ಣದ ದಾರ ಕಟ್ಟಿ. ಎರಡರಿಂದ ನಾಲ್ಕು ವಾರದಲ್ಲಿ ದಾರದ ಮೇಲೆ ಬರುವ ಎಲೆಗಳನ್ನು ಮಾತ್ರ ನೋಡಿ. ಅವು ಹಸಿರಾಗಿ ಬಂದರೆ ದಾರಿ ಸರಿಯಾಗಿದೆ. ಒಣಗಿದ ತುದಿಗಳನ್ನು ಆಗ ಕತ್ತರಿಸಿ, ಅದಕ್ಕೆ ಮೊದಲು ಬೇಡ. ಸೊರಗಿದ ಗಿಡವನ್ನು ಜೋರಾಗಿ ಕತ್ತರಿಸಿದರೆ ಚಿಗುರು ಒಮ್ಮೆಲೇ ನುಗ್ಗುತ್ತದೆ, ಅಷ್ಟಕ್ಕೆ ಕಬ್ಬಿಣ ಒದಗಿಸಲು ಬೇರಿಗೆ ಆಗುವುದಿಲ್ಲ.

ಎರಡು ಸಲ ಇಡಿಡಿಎಚ್‌ಎ ಕೊಟ್ಟ ಮೇಲೂ ದಾರದ ಮೇಲಿನ ಎಲೆ ಹಳದಿಯಾಗಿಯೇ ಬಂದರೆ ಮತ್ತೆ ಬೇರು ಬಿಡಿಸಿ ನೋಡಿ. ಬೇರು ಚೆನ್ನಾಗಿದ್ದೂ ಜಾಗವೆಲ್ಲ ಸುಣ್ಣವಾಗಿದ್ದರೆ ಗಿಡ ಎಬ್ಬಿಸುವುದೇ ಲೇಸು. ಮೋಡ ಮುಸುಕಿದ ದಿನ ಆರಿಸಿ, ಮೂರನೇ ಒಂದು ಭಾಗ ಟೊಂಗೆ ಕತ್ತರಿಸಿ, ಹೆಂಟೆ ಒಡೆಯದಂತೆ ಅಗಲವಾಗಿ ಅಗೆದು ತೆಗೆಯಿರಿ. ಬೇರಿಗೆ ಅಂಟಿದ ಗಾರೆ ಚೂರನ್ನು ಮಾತ್ರ ಬೆರಳಿನಿಂದ ಬಿಡಿಸಿ.

ನನ್ನ ಮೂರು ಗಿಡಗಳನ್ನು ಹೀಗೇ ಎಬ್ಬಿಸಿದೆ. ಒಂದು ಉಳಿಯಲಿಲ್ಲ, ಅದರ ಬೇರು ಆಗಲೇ ಅರ್ಧ ಕೊಳೆತಿತ್ತು. ಉಳಿದ ಎರಡನ್ನು ಎಲೆಗೊಬ್ಬರ ತುಂಬಿದ ದೊಡ್ಡ ಕುಂಡಗಳಿಗೆ ಹಾಕಿ, ಒಮ್ಮೆ ಚಿಲೇಟ್ ಕೊಟ್ಟು, ಮಳೆನೀರು ಮಾತ್ರ ಹಾಕುತ್ತಾ ಬಂದೆ. ಐದನೇ ವಾರಕ್ಕೆ ದಾರದ ಮೇಲೆ ಮೊದಲ ಹಸಿರು ಜೋಡಿ ಎಲೆ ಬಿಚ್ಚಿಕೊಂಡಿತು. ಹೂಗೊಂಚಲು ಬರಲು ಇನ್ನೂ ಏಳು ತಿಂಗಳು ಹಿಡಿಯಿತು. ಆ ದಾರವನ್ನು ನಾನಿನ್ನೂ ಬಿಚ್ಚಿಲ್ಲ.